ಸೋದರಮಾವ ತಂತಿಯ ಮೇಲೆ ಬರುವ ಬಗ್ಗೆ

ದಿನಾಂಕ: 5-5-2008, ಸೋಮವಾರ

ಇಂದ,
ಸುಬ್ಬಯ್ಯ ಬಿನ್ ಲೇಟ್ ಸಣ್ಣಯ್ಯ,
ಕಾಫಿ ಬೆಳೆಗಾರ (ಸಣ್ಣ), ಸೋದರಮಾವ (ಒಬ್ಬನೇ),
ಹೊಂಗಡಹಳ್ಳ ಅಂಚೆ, ಸಕಲೇಶಪುರ ತಾಲ್ಲೂಕು.

ಗೆ,
ವ್ಯವಸ್ಥಾಪಕರು,
ಮುಗಿಲುದಾರಿ ಸಾಹಸ ಶಿಬಿರ,
(ಕಾಡಿನ ಮೇಲೆ ಜನರನ್ನು ತಂತಿಯಲ್ಲಿ ಜಾರಿಸುವ ವಿಭಾಗ),
ನಮ್ಮ ತೋಟದ ಮೇಲಿನ ಗುಡ್ಡ.

ವಿಷಯ: ನನ್ನ ತಂಗಿಯ ಮಗಳ ಮದುವೆಗೆ ಹಾಜರಾಗುವ ಸಲುವಾಗಿ ತಮ್ಮ ಮೂರನೇ ತಂತಿಯನ್ನು ಬರುವ ಭಾನುವಾರ ಬೆಳಿಗ್ಗೆ ಒಂದು ಸಲಕ್ಕೆ ಮಾತ್ರ ತೆರೆದುಕೊಡಲು ಕೋರಿ.

ಉಲ್ಲೇಖ: 1) ಸದರಿ ತಂತಿಗೆ ತಾವು ಕಟ್ಟಿಸಿರುವ ಕೆಂಪು ರಿಬ್ಬನ್ನು ಮತ್ತು ‘ದುರಸ್ತಿಯಲ್ಲಿದೆ’ ಎಂಬ ಬೋರ್ಡು.
2) ಒಂಬತ್ತು ವರ್ಷದ ಹಿಂದೆ ನಾನು ಇಟ್ಟ ಆಣೆ (ಬಾಯಿಮಾತಿನದು, ಸಾಕ್ಷಿ: ಊರೆಲ್ಲ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಳೆದ ಬುಧವಾರ ತಮ್ಮ ಮೂರನೇ ತಂತಿಯ ನಟ್ಟನಡುವೆ, ಹಳ್ಳದ ಮೇಲೆ, ಮುಕ್ಕಾಲು ಗಂಟೆ ನೇತಾಡಿದ ವ್ಯಕ್ತಿ ನಾನೇ. ತಾವು ಆಫೀಸಿನಿಂದ ಕಂಡು ಗಾಬರಿಯಾಗಿ ತಂತಿಯನ್ನೇ ಬಂದ್ ಮಾಡಿಸಿದಿರಿ. ತಂತಿಯದು ಏನೂ ತಪ್ಪಿಲ್ಲ. ಅದನ್ನು ಸಾಬೀತು ಮಾಡಲು ನನ್ನ ಮನೆತನದ ವಿಚಾರವನ್ನು ಕೆಳಕಂಡಂತೆ ಬಯಲು ಮಾಡಬೇಕಾಗಿ ಬಂದಿದೆ, ದಯಮಾಡಿ ಪೂರ್ತಿ ಓದುವುದು.

1. ನನಗೆ ಇರುವುದು ಒಬ್ಬಳೇ ತಂಗಿ, ನಾಗರತ್ನಮ್ಮ. ಹಳ್ಳದ ಈ ದಡ ನನ್ನ ತೋಟ, ಆ ದಡ ಅವಳ ಗಂಡ ಜಯಕುಮಾರನ ತೋಟ. ಒಂಬತ್ತು ವರ್ಷದ ಹಿಂದೆ ಅವರ ಹೊಸ ಮನೆಯ ಗೃಹಪ್ರವೇಶಕ್ಕೆ ನಮ್ಮ ತೋಟದ ಕಾಫಿ ಬೀಜವನ್ನು ಮನೆಯಲ್ಲೇ ಹುರಿದು, ಪುಡಿ ಮಾಡಿಸಿ ಕೊಂಡೊಯ್ದಿದ್ದೆ. ಊಟವಾದ ಮೇಲೆ ಕಾಫಿ ಬಂತು. ಜಯಕುಮಾರ ಒಂದು ಗುಟುಕು ಕುಡಿದು, ನೆಂಟರಿಷ್ಟರೆಲ್ಲ ಕೂತಿದ್ದ ಜಗಲಿಯಲ್ಲಿ, “ಏನ್ ಭಾವ, ಚಿಕೋರಿ ಬೆರ್ಸಿದಂಗೈತಲ್ಲ?” ಎಂದ.

ತಾವು ಬೆಂಗಳೂರಿನವರಾದ ಕಾರಣ ಇದರ ಗಂಭೀರತೆ ತಮಗೆ ತಟ್ಟದಿರಬಹುದು. ಚಿಕೋರಿ ಎಂದರೆ ಕಾಫಿಪುಡಿ ಹೆಚ್ಚಿಸಲು ಅಂಗಡಿಯವರು ಬೆರೆಸುವ ಒಂದು ಬೇರಿನ ಪುಡಿ. ಕಾಫಿ ಬೆಳೆಯುವವನ ಮನೆಯ ಪುಡಿಗೆ ಈ ಮಾತು ಹೇಳುವುದು, ಹಾಲು ಕರೆಯುವವನ ಮುಂದೆ ನಿಂತು ನೀರು ಎಷ್ಟು ಹಾಕಿದೆ ಎಂದು ಕೇಳಿದ ಹಾಗೆ. ಅಷ್ಟಾದರೂ ತಡೆದುಕೊಳ್ಳುತ್ತಿದ್ದೆ. ಆದರೆ ಬಾಗಿಲ ಬಳಿ ನಿಂತಿದ್ದ ನನ್ನ ತಂಗಿ ನಕ್ಕಳು. ಎದ್ದೆ, ಹೆಗಲ ಮೇಲಿನ ಟವಲು ಕೊಡವಿದೆ, ದಡದಡ ನಡೆದು ಗೇಟಿನಾಚೆ ನಿಂತು, “ಇನ್ನು ಈ ಗೇಟು ದಾಟಿ ಒಳಗೆ ಬಂದ್ರೆ ನಾನು ನಮ್ಮಪ್ಪನ ಮಗನೇ ಅಲ್ಲ, ನಮ್ಮೂರಮ್ಮನಾಣೆಗೂ!” ಎಂದು ಕೂಗಿದೆ.

ಟವಲು ಕೊಡವಿ ಎದ್ದು ಹೋಗುವುದು ನನ್ನ ಮೊದಲಿನಿಂದಲೂ ಇರುವ ಪದ್ಧತಿ. ಸೊಸೈಟಿ ಮೀಟಿಂಗಿನಲ್ಲಿ ಎದ್ದಿದ್ದೇನೆ, ಶಾಲೆಯ ವಾರ್ಷಿಕೋತ್ಸವದಲ್ಲಿ ಎದ್ದಿದ್ದೇನೆ, ನನ್ನ ಮದುವೆಯ ಮಾತುಕತೆಯಲ್ಲೇ ಎರಡು ಸಲ ಎದ್ದಿದ್ದೇನೆ.

2. ಇಂಥ ಆಣೆ ಬಿಡಬೇಕಾದರೆ ಊರಮ್ಮನಿಗೆ ತಪ್ಪುಕಾಣಿಕೆ ಹಾಕಿ, ಊರವರ ಮುಂದೆ ‘ತಪ್ಪಾಯ್ತು’ ಎನ್ನಬೇಕು. ನನ್ನ ಪುಡಿಯಲ್ಲಿ ಚಿಕೋರಿ ಇರಲಿಲ್ಲ. ತಪ್ಪೇ ಮಾಡದವನು ತಪ್ಪುಕಾಣಿಕೆ ಹಾಕಿದರೆ ದೇವರಿಗೇ ಸುಳ್ಳು ಹೇಳಿದಂತಾಗುತ್ತದೆ. ಆದ ಕಾರಣ ಹಾಕಿಲ್ಲ, ಹಾಕುವುದೂ ಇಲ್ಲ. ಹೀಗಾಗಿ ಒಂಬತ್ತು ವರ್ಷದಿಂದ ನಾನು ಆ ಮನೆಗೆ ಹೋಗಿಲ್ಲ. ಬಾಳ್ಳುಪೇಟೆ ಪೇಟೆಯಲ್ಲಿ ತಂಗಿ ಎದುರಾದರೆ ಪಕ್ಕದ ಅಂಗಡಿಗೆ ನುಗ್ಗಿಬಿಡುತ್ತಿದ್ದೆ. ಈ ಥರ ನುಗ್ಗಿದ್ದರಿಂದ ನಮ್ಮ ಮನೆಯಲ್ಲಿ ಬೇಡದ ಬಕೆಟ್ಟುಗಳು ಬಹಳ ಇವೆ.

3. ಹೀಗಿರುವಲ್ಲಿ, ತಂಗಿಯ ಮಗಳು ಗಗನಾಳ ಮದುವೆ ಬರುವ ಭಾನುವಾರ ಬೆಳಗಿನ ಲಗ್ನಕ್ಕೆ ನಿಶ್ಚಯವಾಗಿದೆ. ಈ ಗಗನಾ ತಮ್ಮ ಶಿಬಿರದಲ್ಲಿ ಪ್ರವಾಸಿಗಳ ಸೊಂಟಕ್ಕೆ ಪಟ್ಟಿ ಬಿಗಿದು, ತಂತಿಗೆ ಸಿಕ್ಕಿಸಿ ಕಾಡು ತೋರಿಸುವ ಗೈಡೇ ಆಗಿರುತ್ತಾಳೆ. ಛತ್ರದಲ್ಲಿ ಮದುವೆ ಇಟ್ಟುಕೊಂಡಿದ್ದರೆ ನನಗೆ ಈ ಅರ್ಜಿ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಜಯಕುಮಾರ ಹಟಮಾರಿ. ಅಷ್ಟು ದೊಡ್ಡ ಕಾಫಿ ಕಣ ಖಾಲಿ ಬಿದ್ದಿರುವಾಗ ಛತ್ರ ಯಾಕೆ ಎಂದು ಮನೆಯ ಮುಂದಿನ ಕಣದಲ್ಲೇ ಚಪ್ಪರ ಹಾಕಿಸಿದ್ದಾನೆ.

ನಮ್ಮಲ್ಲಿ ಮದುಮಗಳನ್ನು ಕೈಹಿಡಿದು ಹಸೆಮಣೆಗೆ ಕರೆತರುವವನು ಸೋದರಮಾವ. ಇದಕ್ಕೆ ಬದಲಿ ವ್ಯವಸ್ಥೆ ಇಲ್ಲ. ಗಗನಾ ಲಗ್ನಪತ್ರಿಕೆ ತಂದು ನನ್ನ ಮುಂದೆ ಕೂತಳು.

“ಮಾವ, ಬರ್ತೀಯೋ ಇಲ್ವೋ?”

“ಆಣೆ ಐತಲ್ಲವ್ವ.”

“ಆಣೆ ಇಟ್ಟಿರದು ಗೇಟಿಗೆ ತಾನೆ? ಗೇಟಿನ ಮ್ಯಾಲಿನ ಆಕಾಶಕ್ಕೇನ್ ಇಟ್ಟಿಲ್ವಲ್ಲ?”

ನಾನು ಆಣೆಯ ಮಾತುಗಳನ್ನು ಮನಸ್ಸಿನಲ್ಲೇ ಇನ್ನೊಂದು ಸಲ ಪರಿಶೀಲಿಸಿದೆ. ಹುಡುಗಿ ಹೇಳಿದ್ದು ಸರಿಯಾಗಿತ್ತು. ತಮ್ಮ ಮೂರನೇ ತಂತಿ ಈ ಗುಡ್ಡದ ಮರದಿಂದ ಹೊರಟು, ಹಳ್ಳ ದಾಟಿ, ಜಯಕುಮಾರನ ತೋಟದೊಳಗಿನ ಮರದ ಅಟ್ಟಣೆಗೆ ಮುಟ್ಟುತ್ತದೆ. ನಡುವೆ ಎಲ್ಲಿಯೂ ಗೇಟಿಲ್ಲ. ಬೇಲಿ ನುಸುಳಿ ಹೋಗಬಹುದಲ್ಲ ಎಂದು ತಾವು ಕೇಳಬಹುದು. ಬೇಲಿ ನುಸುಳುವುದು ಕಾಡುಹಂದಿ. ಕೈಯಲ್ಲಿ ಸೀರೆ ತಟ್ಟೆ ಹಿಡಿದ ಸೋದರಮಾವ ನುಸುಳುವುದಿಲ್ಲ.

ನನ್ನ ಹೆಂಡತಿ ತಾಯಮ್ಮ ಮಾತ್ರ ಹಣೆ ಚಚ್ಚಿಕೊಂಡು, “ಒಂದ್ ಮಾತ್ ಸೋಲಾಕಾಗ್ದೆ ಮರದಿಂದ ಮರಕ್ಕೆ ಹಾರೋ ಗಂಡನ್ನ ಎಲ್ಲೂ ನೋಡಿಲ್ಲ ಕಣ್ರೀ ನಾನು” ಎಂದಳು.

4. ಆದ್ದರಿಂದ ಮುಂಚಿತವಾಗಿ ಒಂದು ಸಲ ರೂಢಿ ಮಾಡಿಕೊಳ್ಳೋಣವೆಂದು ಬುಧವಾರ ಬಂದೆ. ಪಂಚೆಯ ಮೇಲೆ ಪಟ್ಟಿ ಕಟ್ಟಲಾಗದೆಂದು ತಮ್ಮವರು ಕೊಟ್ಟ ಪ್ಯಾಂಟಿನಲ್ಲಿ ನನ್ನಂಥವರು ಇನ್ನೊಬ್ಬರು ಹಿಡಿಸುತ್ತಿದ್ದರು. ತಲೆಗೆ ಹೆಲ್ಮೆಟ್ಟು ಹಾಕಿದರು. ಟವಲು ಬಿಟ್ಟು ಬರುವುದಿಲ್ಲ ಎಂದು ನಾನು ಹೇಳಿದ್ದಕ್ಕೆ ಅದನ್ನು ಕೊರಳಿಗೆ ಸುತ್ತಿಕೊಳ್ಳಲು ಬಿಟ್ಟರು.

ಮೊದಲನೇ ತಂತಿಯಲ್ಲಿ ನಾನು ಕಣ್ಣು ಮುಚ್ಚಿದ್ದೆ, ಕಂಡದ್ದು ಏನೂ ಇಲ್ಲ. ಗಗನಾ ಮರದ ಅಟ್ಟಣೆಯಲ್ಲಿ ನಿಲ್ಲಿಸಿ ಬೆಂಗಳೂರಿನವರಿಗೆ ಹೇಳುವಂತೆಯೇ ನನಗೂ, “ಈಗ ನಿಮ್ಮ ಎಡಕ್ಕೆ ಕಾಣ್ತಿರೋದು ಪಶ್ಚಿಮ ಘಟ್ಟದ ದಟ್ಟ ಕಾಡು” ಎಂದು ಹೇಳಿದಳು. “ಅದು ನಮ್ಮ ಹಲಸಿನ ಮರ ಕಣೆ” ಎಂದೆ. ಎರಡನೇ ತಂತಿಯಲ್ಲಿ ಕಣ್ಣು ಬಿಟ್ಟೆ. ಅಬ್ಬಬ್ಬಾ! ಐವತ್ತೆಂಟು ವರ್ಷ ಕೆಳಗಿನಿಂದಲೇ ನೋಡಿದ್ದ ತೋಟವನ್ನು ಮೇಲಿನಿಂದ ನೋಡಿದೆ. ಮೆಣಸಿನ ಬಳ್ಳಿ ಸಿಲ್ವರ್ ಮರದ ತುದಿ ಮುಟ್ಟಿದೆ, ಮಂಗಟ್ಟೆ ಹಕ್ಕಿ ನನ್ನ ಕಾಲ ಕೆಳಗೆ ಹಾರುತ್ತಿದೆ, ನೆರಳು ಮರದ ಕೊಂಬೆ ಕಡಿಯಲು ಬಂದವರು ಮೂಡಲ ಮೂಲೆಯನ್ನು ಮುಟ್ಟಿಯೇ ಇಲ್ಲ. ಕೂಗಬೇಕೆನ್ನಿಸಿ ಕೂಗಿದೆ. ಆ ಕೂಗು ತಮ್ಮ ಆಫೀಸಿಗೂ ಕೇಳಿಸಿದ್ದರೆ ಅದು ಭಯದ್ದಲ್ಲ, ಸಂತೋಷದ್ದು ಎಂದು ದಾಖಲಿಸಿಕೊಳ್ಳುವುದು.

5. ಮೂರನೇ ತಂತಿ. ನನ್ನ ತೂಕ ಒಂದು ಗೊಬ್ಬರದ ಚೀಲಕ್ಕಿಂತ ಕಡಿಮೆ. ಜೊತೆಗೆ ಎದುರುಗಾಳಿ. ಅರ್ಧ ದಾರಿ ರಭಸದಿಂದ ಹೋದವನು ಮೆತ್ತಗಾಗಿ, ನಿಂತು, ಸ್ವಲ್ಪ ಹಿಂದಕ್ಕೂ ಜಾರಿ, ತಂತಿ ಜೋಲುವ ಕಡೆ ತೂಗಾಡತೊಡಗಿದೆ. ಕೊರಳಿನ ಟವಲು ಜಾರಿ ಕೆಳಗೆ ಹಳ್ಳಕ್ಕೆ ಬಿತ್ತು.

ಹಳ್ಳದಲ್ಲಿ ಮೊಣಕಾಲುದ್ದ ನೀರಿನಲ್ಲಿ ನನ್ನ ತಂಗಿ ನಿಂತಿದ್ದಳು. ಅವಳು ಟವಲು ಎತ್ತಿಕೊಂಡು, ಹಿಂಡಿ, ತನ್ನ ಹೆಗಲ ಮೇಲೆ ಹಾಕಿಕೊಂಡು ಮೇಲೆ ನೋಡಿದಳು.

“ಅಣ್ಣಯ್ಯ, ಕೇಳುಸ್ತೈತಾ?”

“ಇಲ್ಲ” ಎಂದೆ.

“ಇವತ್ತು ಎಲ್ಗ್ ಎದ್ದೋಗ್ತೀಯೋ ಹೋಗು, ನೋಡ್ತೀನಿ.”

ನಾನು ಕಾಲಾಡಿಸಿದೆ. ಗಾಳಿಯಲ್ಲಿ ಒಂದು ಸುತ್ತು ತಿರುಗಿ ಮತ್ತೆ ಅವಳ ಕಡೆಗೇ ಮುಖವಾಯಿತು.

“ಒಂಬತ್ತು ವರ್ಷದಿಂದ ಒಂದ್ ಮಾತ್ ಹೇಳಾಣ ಅಂತ ಕಾಯ್ತಾ ಇವ್ನಿ. ಗೃಹಪ್ರವೇಶದ ದಿನ ನೀ ತಂದಿದ್ ಪುಡಿ ಮೊದಲ್ನೇ ಪಂಕ್ತಿಗೇ ಮುಗ್ದೋಯ್ತು ಕಣಣ್ಣಯ್ಯ. ಕರೀದೆ ಇದ್ದೋರೂ ಬಂದ್ಬುಟ್ಟಿದ್ರು. ಮರ್ಯಾದೆ ಹೋಗ್ತದೆ ಅಂತ ಅಂಗಡಿ ಪುಡಿ ತರಿಸ್ಬುಟ್ಟೆ. ಚಿಕೋರಿ ಅದರಲ್ಲಿ ಇದ್ದಿದ್ದು. ಬೆರೆಸ್ದೋಳು ನಾನು.”

“ಮತ್ತೆ ನಕ್ಕಿದ್ಯಾಕೆ?”

“ಸಿಕ್ಕಾಕ್ಕೊಂಡ್ನಲ್ಲ ಅಂತ ಭಯಕ್ಕೆ ನಗು ಬಂದ್ಬುಡ್ತು! ಇರಣ್ಣಯ್ಯ ಹೇಳ್ತೀನಿ ಅನ್ನಾದ್ರೊಳಗೆ ನೀನು ಟವಲ್ ಕೊಡವ್ಕೊಂಡು ಗೇಟತ್ರ ಹೋಗ್ಬುಟ್ಟಿದ್ದೆ. ಆಮ್ಯಾಕೆ ಎಷ್ಟ್ ಸಲ ಬಂದೆ ನಿನ್ನತ್ರ, ಒಂದ್ ಸಲನಾದ್ರೂ ನಿಂತ್ಯಾ ನೀನು?”

ನಾನು ನಿಂತಿರಲಿಲ್ಲ.

ಅಲ್ಲಿಂದ ಮುಂದೆ ಅವಳು ಅತ್ತಳು, ಬೈದಳು, ಅಮ್ಮ ಬದುಕಿದ್ದಾಗ ನಾವಿಬ್ಬರೂ ಇದೇ ಹಳ್ಳದಲ್ಲಿ ಏಡಿ ಹಿಡಿಯುತ್ತಿದ್ದದ್ದನ್ನು ಹೇಳಿ ನಕ್ಕಳು, ಮಗಳ ಸೀರೆಯ ಬಣ್ಣ ಹೇಳಿದಳು, ಬೀಗರ ಕಡೆಯವರು ಒಳ್ಳೆಯವರೆಂದಳು. ನಾನು ಎಲ್ಲವನ್ನೂ ಕೇಳಿದೆ. ನಡುವೆ ಗಗನಾ ಹಿಂದಿನ ಮರದಿಂದ, “ಎಳ್ಕೊಳ್ಳಾ ಮಾವ?” ಎಂದು ಕೂಗುತ್ತಲೇ ಇದ್ದಳು. “ತಡಿಯೇ, ನಿಮ್ಮವ್ವ ಮಾತಾಡ್ತಾವ್ಳೆ!” ಎಂದು ಪ್ರತಿ ಸಲವೂ ನಿಲ್ಲಿಸಿದವನು ನಾನೇ. ಹುಡುಗಿ ಆರಾಮಾಗಿ ಕೂತು ಸೀಬೆಹಣ್ಣು ತಿನ್ನುತ್ತಿದ್ದುದನ್ನು ತಾವು ಕರ್ತವ್ಯಲೋಪವೆಂದು ಪರಿಗಣಿಸಬಾರದು. ನನ್ನ ತೂಕ ಅವಳಿಗೆ ಗೊತ್ತಿತ್ತೇ, ತಾಯಿಗೆ ಮೊದಲೇ ಹೇಳಿ ಹಳ್ಳಕ್ಕೆ ಕಳಿಸಿದ್ದಳೇ ಎಂದು ಆಮೇಲೆ ಕೇಳಿದ್ದಕ್ಕೆ, “ನೀನೂ ಒಂದ್ ತಿನ್ನು ಮಾವ” ಎಂದು ನನಗೂ ಒಂದು ಹಣ್ಣು ಕೊಟ್ಟಳು.

ಒಂಬತ್ತು ವರ್ಷ ತಂಗಿಯ ಹತ್ತಿರ ಮಾತಿಲ್ಲದೆ ನನಗೆ ಬಹಳ ಸಂಕಟವಾಗಿತ್ತು. ಈ ವಿಷಯವನ್ನು ಇದುವರೆಗೆ ಯಾವ ಕಚೇರಿಗೂ ತಿಳಿಸಿರುವುದಿಲ್ಲ.

6. ಕೊನೆಗೆ ಗಗನಾ ತಂತಿಯ ಮೇಲೆ ಕೈ ಹಾಕುತ್ತಾ ಬಂದು, “ಯಾವ ಕಡೀಗೆ ಮಾವ, ನಮ್ಮನೆ ಕಡೀಗಾ?” ಎಂದಳು. ಮದುವೆ ಮನೆಗೆ ಬರಿಗೈಲಿ, ಅದೂ ಇನ್ನೊಬ್ಬರ ಪ್ಯಾಂಟಿನಲ್ಲಿ ಹೋಗುವುದು ಸರಿಯಲ್ಲವೆಂದು ವಾಪಸು ಬಂದೆ. ಮಾರನೆಯ ದಿನ ನೋಡುತ್ತೇನೆ, ತಾವು ರಿಬ್ಬನ್ನು ಕಟ್ಟಿಸಿದ್ದೀರಿ! ಆಣೆ ಹಾಗೇ ಇದೆ, ಗೇಟು ಹಾಗೇ ಇದೆ, ಇದ್ದ ಒಂದು ದಾರಿಯೂ ಬಂದ್. ತಪ್ಪು ನನ್ನದಲ್ಲವೆಂದು ಈಗ ತಂಗಿಯ ಬಾಯಿಂದಲೇ ರುಜುವಾತಾಗಿರುವ ಕಾರಣ ತಪ್ಪುಕಾಣಿಕೆಯ ಪ್ರಶ್ನೆ ಮೊದಲಿಗಿಂತಲೂ ಇಲ್ಲ.

ಆದ್ದರಿಂದ ತಮ್ಮಲ್ಲಿ ಕೋರುವುದೇನೆಂದರೆ,

ಅ) ಭಾನುವಾರ ಬೆಳಿಗ್ಗೆ, ಪ್ರವಾಸಿಗಳು ಏಳುವ ಮೊದಲು, ಮೂರನೇ ತಂತಿಯಲ್ಲಿ ನನ್ನನ್ನು ಕಳಿಸಿಕೊಡತಕ್ಕದ್ದು.

ಆ) ಈ ಸಲ ನಡುವೆ ನಿಲ್ಲದಂತೆ ತೂಕಕ್ಕಾಗಿ ಸೀರೆ ತಟ್ಟೆ, ತೆಂಗಿನಕಾಯಿ, ಒಂದು ಗೊನೆ ಬಾಳೆಹಣ್ಣು ಮತ್ತು ಕರೆಯದೆ ಬಂದವರಿಗೂ ಸಾಲುವಷ್ಟು ನಮ್ಮ ಮನೆಯ ಶುದ್ಧ ಕಾಫಿಪುಡಿಯನ್ನು ನನ್ನ ಜೊತೆ ಕಟ್ಟತಕ್ಕದ್ದು.

ಇ) ಪ್ಯಾಂಟು ಒತ್ತಾಯ ಮಾಡತಕ್ಕದ್ದಲ್ಲ. ಕಚ್ಚೆ ಹಾಕಿ ಬರುತ್ತೇನೆ.

ಈ) ಮದುಮಗಳಾದ ಕಾರಣ ಆ ದಿನ ಗಗನಾ ಪಟ್ಟಿ ಬಿಗಿಯಲು ಸಿಗುವುದಿಲ್ಲ. ಬೇರೆ ಗೈಡನ್ನು ಒದಗಿಸತಕ್ಕದ್ದು.

ತಾವು ಮನಸ್ಸು ಮಾಡದಿದ್ದರೆ ಹುಡುಗಿ ಹಸೆಮಣೆಗೆ ಒಬ್ಬಳೇ ನಡೆದುಬರಬೇಕಾಗುತ್ತದೆ. ಹಾಗಾಗಬಾರದು.

ಈ ದಿನ ಟವಲು ಇಲ್ಲದೆ ಬರೆದ,
ತಮ್ಮ ವಿಶ್ವಾಸಿ,
(ಸುಬ್ಬಯ್ಯ)

ಅಡಕಗಳು:
1. ಲಗ್ನಪತ್ರಿಕೆ. ತಾವೂ ಸಕುಟುಂಬ ಬರುವುದು.
2. ರೇಷನ್ ಕಾರ್ಡಿನ ಜೆರಾಕ್ಸ್.
3. ಹೆಂಡತಿಯ ಒಪ್ಪಿಗೆ (ಬರವಣಿಗೆಯಲ್ಲಿ ಕೊಡಲಿಲ್ಲ, “ಏನಾರ ಮಾಡ್ಕೊಳ್ಳಿ ಮಾರಾಯ್ರೆ” ಎಂದಿರುತ್ತಾಳೆ).
4. ಕಾಫಿಪುಡಿ ಒಂದು ಪೊಟ್ಟಣ, ಪರೀಕ್ಷೆಗಾಗಿ. ಎಷ್ಟು ಹುಡುಕಿದರೂ ಚಿಕೋರಿ ಸಿಗುವುದಿಲ್ಲ.

ತಾ.ಕ.: ಅರ್ಜಿಯನ್ನು ಕವರಿಗೆ ಹಾಕುವಷ್ಟರಲ್ಲಿ, ಚಪ್ಪರದ ಕೆಲಸಕ್ಕೆಂದು ತಂಗಿಯ ಮನೆಗೆ ಹೋಗಿದ್ದ ತಾಯಮ್ಮ ಓಡುತ್ತಾ ಬಂದು, “ಅಲ್ಲಿ ಗೇಟೇ ಇಲ್ಲ ಕಣ್ರೀ!” ಎಂದಳು. ಜಯಕುಮಾರ ಬೆಳಿಗ್ಗೆ ಎದ್ದವನೇ ಯಾರಿಗೂ ಏನೂ ಹೇಳದೆ, ಹಾರೆ ತಂದು, ಗೇಟನ್ನು ಕಂಬದಿಂದ ಕಿತ್ತು, ಅಡುಗೆಯವರು ತೊಳೆದ ಪಾತ್ರೆ ಬೋರಲು ಹಾಕಲಿಕ್ಕೆಂದು ಹಿತ್ತಲಲ್ಲಿ ನಾಲ್ಕು ಕಲ್ಲಿನ ಮೇಲೆ ಮಲಗಿಸಿದ್ದಾನಂತೆ. ಯಾಕೆ ಎಂದು ತಂಗಿ ಕೇಳಿದರೆ, “ಪಾತ್ರೆ ಇಡಾಕೆ ಜಾಗ ಇರ್ಲಿಲ್ಲ” ಎಂದನಂತೆ. ಅವರ ಹಿತ್ತಲಲ್ಲಿ ಲಾರಿ ತಿರುಗಿಸುವಷ್ಟು ಜಾಗ ಇದೆ.

ಗೇಟೇ ಇಲ್ಲವಾದ್ದರಿಂದ ದಾಟುವ ಪ್ರಶ್ನೆ ಉದ್ಭವಿಸುವುದಿಲ್ಲ. ಭಾನುವಾರ ನಾನು ರಸ್ತೆಯಲ್ಲೇ ನಡೆದು ಹೋಗುತ್ತೇನೆ.

ಆದಾಗ್ಯೂ ಅರ್ಜಿಯನ್ನು ಹಿಂಪಡೆಯುತ್ತಿಲ್ಲ, ಕೋರಿಕೆಯನ್ನು ಮಾತ್ರ ಬದಲಿಸುತ್ತಿದ್ದೇನೆ. ಮದುವೆಯ ಗದ್ದಲ ಮುಗಿದ ಮೇಲೆ ಒಂದು ದಿನ ಜಯಕುಮಾರನನ್ನು ಮೂರನೇ ತಂತಿಗೆ ಹತ್ತಿಸುವುದಾಗಿ ಗಗನಾ ಮಾತು ಕೊಟ್ಟಿದ್ದಾಳೆ. ಅವನು ದಪ್ಪ ಆಸಾಮಿ, ತಾನಾಗಿ ನಡುವೆ ನಿಲ್ಲುವುದಿಲ್ಲ, ನನ್ನ ಹತ್ತಿರ ಬಾಯಿಬಿಟ್ಟು ಮಾತಾಡುವವನೂ ಅಲ್ಲ. ಅಂಥವರನ್ನು ನಟ್ಟನಡುವೆ ನಿಲ್ಲಿಸಿಡುವ ವ್ಯವಸ್ಥೆ ತಮ್ಮಲ್ಲಿದ್ದರೆ ದಯಮಾಡಿ ತಿಳಿಸುವುದು. ಕೆಳಗೆ ಹಳ್ಳದಲ್ಲಿ ನಾನು ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ನಿಂತಿರುತ್ತೇನೆ.