ಟಿ.ಸಿ. ತರಲು ಹೋದ ದಿನ

ಕೃಷ್ಣಾನಂದರಿಗೆ ಕೊಚ್ಚಿಯ ವಿಶ್ವವಿದ್ಯಾಲಯದ ಮೇಲೆ ಸಿಟ್ಟು ಬಂದದ್ದು ಅದು ಮಗಳಿಗೆ ಸೀಟು ಕೊಡಲಿಲ್ಲವೆಂದಲ್ಲ, ಕೊಟ್ಟಿತಲ್ಲ ಎಂದು. ಕೊಡುವುದೇ ಆಗಿದ್ದರೆ ಮೂರು ವಾರ ಮೊದಲು ಕೊಡಬಾರದಿತ್ತೇ? ಆಗ ಮೊದಲ ಪಟ್ಟಿಯಲ್ಲಿ ಸಂಹಿತಾಳ ಹೆಸರೇ ಇರಲಿಲ್ಲ. ಗಣಿತ ಪದವಿಗೆ ಬಾ ಎಂದು ಕರೆದದ್ದು ತಿರುವನಂತಪುರದ ವಿಶ್ವವಿದ್ಯಾಲಯ ಮಾತ್ರ. ಇವರು ಹಲ್ಲು ಕಡಿಯುತ್ತ ಅಲ್ಲಿಗೆ ಹೋಗಿ, ಟಿ.ಸಿ., ಅಂಕಪಟ್ಟಿ ಎಲ್ಲದರ ಅಸಲು ಪ್ರತಿಗಳನ್ನು ಒಪ್ಪಿಸಿ ಬಂದಿದ್ದರು. ಈಗ, ತರಗತಿ ಶುರುವಾಗಲು ನಾಲ್ಕೇ ದಿನವಿರುವಾಗ, ಬುಧವಾರ ಸಂಜೆ ಫೋನಿಗೆ ಒಂದು ಮೆಸೇಜು ಬಂದು ಬಿತ್ತು. ಎರಡನೆಯ ಪಟ್ಟಿಯಲ್ಲಿ ಕೊಚ್ಚಿಯಲ್ಲೇ ಸೀಟು ಸಿಕ್ಕಿದೆ, ಗುರುವಾರ ನಾಲ್ಕು ಗಂಟೆಯೊಳಗೆ ಅಸಲು ದಾಖಲೆಗಳೊಂದಿಗೆ ಬನ್ನಿ, ಬಾರದಿದ್ದರೆ ಸೀಟು ಬೇರೆಯವರಿಗೆ.

ಅಸಲು ದಾಖಲೆಗಳು ಇನ್ನೂರು ಕಿಲೋಮೀಟರ್ ಆಚೆ ಕಪಾಟಿನಲ್ಲಿದ್ದವು.

ಬೇರೆ ಯಾರಾದರೂ ಆಗಿದ್ದರೆ, ಹಾಳಾಗಲಿ ಎಂದು ಬಿಟ್ಟುಬಿಡುತ್ತಿದ್ದರು. ಕೃಷ್ಣಾನಂದರು ಬಿಡುವ ಹಾಗಿರಲಿಲ್ಲ. ಪುತ್ತೂರಿನ ಕಡೆಯ ಈ ಬ್ಯಾಂಕ್ ಅಧಿಕಾರಿ, ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಕೊಚ್ಚಿಯ ಕಲೂರಿನಲ್ಲಿ ಮನೆ ಮಾಡಿದವರು. ಹೆಂಡತಿ ಪಂಕಜಾಳಿಗೆ ಅಲ್ಲೇ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅದಾದ ಮರುವರ್ಷವೇ ಬ್ಯಾಂಕು ಇವರನ್ನು ಪಾಟ್ನಾಕ್ಕೆ ಎಸೆಯಿತು, ಆಮೇಲೆ ನಾಗಪುರಕ್ಕೆ, ಆಮೇಲೆ ಗುವಾಹಟಿಗೆ. ಕೊಚ್ಚಿಗೆ ಹಾಕಿ ಎಂದು ಏಳು ಸಲ ಅರ್ಜಿ ಹಾಕಿದ್ದರು. ಒಂದಕ್ಕಾದರೂ ಇಲ್ಲ ಎನ್ನುವ ಸೌಜನ್ಯವನ್ನೂ ಬ್ಯಾಂಕು ತೋರಿಸಲಿಲ್ಲ. ಕೊನೆಗೆ ಎರಡು ವರ್ಷದ ಹಿಂದೆ, ಇವರು ಕೇಳುವುದನ್ನೇ ನಿಲ್ಲಿಸಿದ ಮೇಲೆ, ತಾನಾಗಿ ತಂದು ಕೊಚ್ಚಿಗೆ ಹಾಕಿತು. ಬಂದು ನೋಡಿದರೆ ಮಗಳು ಭುಜದೆತ್ತರ ಬೆಳೆದು ಮಲಯಾಳದಲ್ಲಿ ಮಾತಾಡುತ್ತಿದ್ದಳು. ನಿವೃತ್ತಿಗೆ ಇನ್ನು ಮೂರು ವರ್ಷ. ಆ ಮೂರು ವರ್ಷ ರಾತ್ರಿಯೂಟಕ್ಕೆ ಮೂವರೂ ಒಂದೇ ಮೇಜಿಗೆ ಕೂರಬೇಕು, ಇಷ್ಟೇ ಅವರ ಆಸೆ. ಅದನ್ನು ಯಾವ ವಿಶ್ವವಿದ್ಯಾಲಯಕ್ಕೂ ಬಿಟ್ಟುಕೊಡಲು ಅವರು ತಯಾರಿರಲಿಲ್ಲ.

"ಅಲ್ಲ, ಎರಡೂ ಕಡೆ ಗಣಿತವೇ ಅಲ್ವಾ ಕಲಿಸುದು?" ಎಂದಳು ಪಂಕಜಾ, ಬೆಳಗಿನ ಐದು ಗಂಟೆಗೆ ಕಾಫಿ ಕೊಡುತ್ತ. "ಅಲ್ಲಿ ಎರಡಕ್ಕೆ ಎರಡು ಸೇರಿಸಿದ್ರೆ ಐದಾಗ್ತದಾ? ಇಷ್ಟು ಓಡುದು ಯಾಕೆ? ಹೇಗೂ ಅಕ್ಕ ಇದ್ದಾಳೆ ಅಲ್ಲಿ."

"ನಿನ್ನ ಅಕ್ಕ ಇದ್ದಾಳೆ ಅಂತಲೇ ಓಡುದು! ಸಂಜೆ ಏಳಕ್ಕೆ ಗೇಟಿಗೆ ಬೀಗ. ಬೆಳಿಗ್ಗೆ ಎದ್ದ ಕೂಡಲೇ ಹಾಗಲಕಾಯಿ ಜ್ಯೂಸು. ಒಂಬತ್ತಕ್ಕೆ ಲೈಟ್ ಆಫ್. ಅದು ಮನೆಯಾ, ಜೈಲಾ? ನನ್ನ ಮಗಳು ಎಂತ ತಪ್ಪು ಮಾಡಿದ್ದಾಳೆ ಅಂತ ಅಲ್ಲಿಗೆ ಕಳಿಸುದು?"

ಈ ಗಲಾಟೆಗೆ ಎದುರುಮನೆಯ ಬಾಗಿಲು ತೆರೆಯಿತು. ಹುಬ್ಬಳ್ಳಿಯ ಇಸ್ಮಾಯಿಲ್ ಐಟಿ ಪಾರ್ಕಿನ ಉದ್ಯೋಗಿ, ಮನೆಯಿಂದಲೇ ಕೆಲಸ ಮಾಡುವವನು, ಹಾಗಾಗಿ ಇತರರ ಮನೆಯ ಕೆಲಸಕ್ಕೆ ಅವನಿಗೆ ಸದಾ ಬಿಡುವು.

"ಸರ, ತಿರುವನಂತಪುರದ್ದೇ ಚಲೋ ಐತಿ ಅಂತಾರ್ರೀ. ನಮ್ಮ ಟೀಮ್‌ನ್ಯಾಗ ಇಬ್ರು ಅಲ್ಲೇ ಗಣಿತ ಓದ್ಯಾರ."

"ನಿಮ್ಮನ್ನು ಕೇಳಿದವರು ಯಾರು?"

"ಯಾರೂ ಕೇಳಿಲ್ರೀ. ನಾನಾಗೇ ಹೇಳಾಕತ್ತೀನಿ. ಬರ್ರಿ, ಸ್ಟೇಷನ್‌ಗೆ ಬಿಡ್ತೀನಿ."

ಕೃಷ್ಣಾನಂದರು ಬೈಯುತ್ತಲೇ ಅವನ ಕಾರು ಹತ್ತಿದರು. ಸಂಹಿತಾ ಹಿಂದೆ ಕೂತು ಕಣ್ಣುಜ್ಜುತ್ತಿದ್ದಳು. ಅವಳನ್ನು ಕೇಳಿದ್ದೂ ಆಗಿತ್ತು ಅನ್ನಿ. ಹಿಂದಿನ ಸಂಜೆ ಅಪ್ಪ, "ಕೊಚ್ಚಿಯೇ ಒಳ್ಳೇದಲ್ವಾ?" ಎಂದು ಅಬ್ಬರಿಸಿದಾಗ ಅವಳು ಪುಸ್ತಕದಿಂದ ತಲೆಯೆತ್ತದೆ, "ಎನಿಕ್ಕು ರಂಡುಂ ಓಕೆ ಆಣ್" ಎಂದಿದ್ದಳು. ಎರಡೂ ಅಡ್ಡಿಯಿಲ್ಲ ಎಂದರ್ಥ. ಇವರು ಅದನ್ನು ಒಪ್ಪಿಗೆ ಎಂದು ತಿಳಿದರು.

ರೈಲು ವರ್ಕಲ ದಾಟುವಾಗ ಫೋನು ಬಂತು. ಬ್ಯಾಂಕಿನಿಂದ ಚಿನ್ಮಯ್. ಮೈಸೂರಿನ ಎಳೆಯ ಅಧಿಕಾರಿ, ಬಾಯಿಗೆ ಬೀಗವಿಲ್ಲದವನು.

"ಸಾರ್, ಬೀಗದ ಕೈ ನಿಮ್ಮತ್ರಾನೇ ಇದ್ಯಾ ಸಾರ್?"

ಕೃಷ್ಣಾನಂದರ ಕೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಯಿತು. ಇತ್ತು. ಬ್ರಾಂಚಿನ ಸ್ಟ್ರಾಂಗ್‌ರೂಮು ತೆರೆಯುವುದು ಎರಡು ಕೀ ಒಟ್ಟಿಗೆ ಬಿದ್ದಾಗ ಮಾತ್ರ. ಒಂದು ಹೆಡ್ ಕ್ಯಾಷಿಯರ್ ಬಳಿ, ಇನ್ನೊಂದು ಇವರ ಬಳಿ. ರಜೆ ಹಾಕುವವರು ಕೀಯನ್ನು ಬರೆದು ಒಪ್ಪಿಸಿಯೇ ಹೋಗಬೇಕು. ಬುಧವಾರ ಸಂಜೆಯ ಸಿಟ್ಟಿನಲ್ಲಿ ಇವರು ರಜೆಯ ಮೆಸೇಜು ಮಾತ್ರ ಕಳಿಸಿ, ಕೀ ಮರೆತಿದ್ದರು.

"ಮ್ಯಾನೇಜರ್ ಆಶಿಶ್ ಸಾರ್ ಕೂಗಾಡ್ತಾ ಇದಾರೆ. ಡೂಪ್ಲಿಕೇಟ್ ಕೀ ಬೇರೆ ಬ್ರಾಂಚಲ್ಲಿದೆ. ಅದನ್ನ ತರ್ಬೇಕು ಅಂದ್ರೆ ಝೋನಲ್ ಆಫೀಸಿನ ಪರ್ಮಿಷನ್ ಬೇಕು. ನಿಮಗೆ ಮೆಮೋ ಗ್ಯಾರಂಟಿ ಅಂತೆ. ಅಲ್ಲಾ ಸಾರ್, ತಿರುವನಂತಪುರಕ್ಕೆ ಯಾಕೆ ಹೋದ್ರಿ?"

"ಮಗಳ ಕಾಲೇಜಿಂದು ಮಾರಾಯ!"

"ಹಂಗಿದ್ರೆ ಅಲ್ಲಿಗೇ ಟ್ರಾನ್ಸ್‌ಫರ್ ಕೇಳ್ಬಿಡಿ ಸಾರ್."

"ಕೇಳಿ ಆಯ್ತು! ಸೀಟು ಅಲ್ಲಿ ಸಿಕ್ಕಿದ ದಿನವೇ ಸಿಟ್ಟು ಬಂದು ಅರ್ಜಿ ಹಾಕಿದ್ದೇನೆ, ನನ್ನನ್ನೂ ಅಲ್ಲಿಗೇ ಬಿಸಾಡಿ ಅಂತ. ಏಳು ನುಂಗಿದವರು ಎಂಟನೇದನ್ನೂ ನುಂಗಿರ್ತಾರೆ. ಅದಲ್ಲ ಈಗ ವಿಷಯ, ಆ ಮ್ಯಾನೇಜರಿಗೆ ಏನಾದರೂ ಹೇಳಿ ನನ್ನನ್ನು ಬಚಾವ್ ಮಾಡು!"

"ಆ ಚಿಂತೆ ಬಿಡಿ ಸಾರ್," ಎಂದ ಚಿನ್ಮಯ್, ಎದೆ ತಟ್ಟಿಕೊಂಡಂತೆ.

ತಿರುವನಂತಪುರದ ಪ್ಲಾಟ್‌ಫಾರಂನಲ್ಲಿ ಕುಸುಮಾವತಿ ನಿಂತಿದ್ದರು. ಪಂಕಜಾಳ ಅಕ್ಕ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಎಲ್ಲರನ್ನೂ ಹೆದರಿಸಿ ನಿವೃತ್ತರಾದವರು. ಕೈಯಲ್ಲಿ ಊಟದ ಡಬ್ಬಿ. ಸುದ್ದಿ ಯಾರು ಕೊಟ್ಟದ್ದೆಂದು ಕೇಳುವುದೇ ಬೇಡ. ಕೃಷ್ಣಾನಂದರ ಮೈ ಉರಿದುಹೋಯಿತು.

"ಸಂಹಿತಾ, ನಿನ್ನ ರೂಮಿಗೆ ಪೈಂಟ್ ಮಾಡಿಸಿದ್ದೇನೆ, ಗುಲಾಬಿ ಬಣ್ಣ," ಎಂದರು ಕುಸುಮಾವತಿ, ತಂಗಿಯ ಗಂಡನ ಕಡೆ ನೋಡದೆ. "ನಿನ್ನ ಅಪ್ಪನ ತಲೆ ಸರಿ ಇಲ್ಲ. ನಾನು ಬಂದು ಆಫೀಸಲ್ಲಿ ಮಾತಾಡ್ತೇನೆ."

"ಅತ್ತಿಗೆ, ದಯವಿಟ್ಟು ನೀವು ಬರಬೇಡಿ."

ಅವರು ಆಗಲೇ ಆಟೋದಲ್ಲಿ ಕೂತಿದ್ದರು.

ವಿಶ್ವವಿದ್ಯಾಲಯದ ಕಚೇರಿಯಲ್ಲಿ ನಿಶಾ ಎಂಬ ಗುಮಾಸ್ತೆ ಕೃಷ್ಣಾನಂದರ ಅರ್ಜಿ ಓದುವಷ್ಟರಲ್ಲಿ ಕುಸುಮಾವತಿ ಮಲಯಾಳದಲ್ಲಿ ವಾದ ಶುರುಮಾಡಿದ್ದರು. ಹುಡುಗಿ ಬುದ್ಧಿವಂತೆ, ಅಪ್ಪನಿಗೆ ಸಿಟ್ಟು ಜಾಸ್ತಿ, ಸಿಟ್ಟಿನಲ್ಲಿ ಬರೆದ ಅರ್ಜಿಗೆ ಬೆಲೆ ಕೊಡಬಾರದು, ತಮ್ಮ ಸರ್ವೀಸಿನಲ್ಲಿ ತಾವು ಎಂದೂ ಕೊಟ್ಟವರಲ್ಲ. ಹಿಂದೆ ಸಾಲಿನಲ್ಲಿದ್ದವರು ಹೌದು ಹೌದು ಎಂದು ತಲೆಯಾಡಿಸಿದರು. ಗುರುತು ಪರಿಚಯವಿಲ್ಲದ ಒಬ್ಬರು ಮುಂದೆ ಬಂದು, ಇಲ್ಲಿಯ ಲೈಬ್ರರಿ ನೋಡಿದ್ದೀರಾ ಎಂದು ಕೃಷ್ಣಾನಂದರನ್ನು ವಿಚಾರಿಸಿದರು.

"ಉರಪ್ಪಾಣೋ ಸಾರ್?" ಎಂದು ನಿಶಾ ಕೇಳಿದಳು. ಖಂಡಿತವೇ? ಒಮ್ಮೆ ರದ್ದಾದರೆ ಇದೇ ಗಳಿಗೆ ಸೀಟು ಮುಂದಿನವರಿಗೆ ಹೋಗುತ್ತದೆ, ಮತ್ತೆ ಸಿಗುವುದಿಲ್ಲ.

"ಉರಪ್ಪಾಣ್!"

ನಿಶಾ ಮತ್ತೊಮ್ಮೆ ಕೇಳಿದಳು. ಅದು ಅವಳ ಒಳ್ಳೆಯತನ. ಕೃಷ್ಣಾನಂದರಿಗೆ ಅದನ್ನೂ ಸಹಿಸಲಾಗಲಿಲ್ಲ. "ಉರಪ್ಪಾಣ್, ಉರಪ್ಪಾಣ್, ಉರಪ್ಪಾಣ್!" ಎಂದು ಅವರು ಕೂಗಿದ್ದಕ್ಕೆ ಪಕ್ಕದ ಕೋಣೆಯವರು ಬಂದು ಇಣುಕಿದರು. ನಿಶಾ ಕಾಗದವನ್ನು ಸಂಹಿತಾಳ ಕಡೆ ತಿರುಗಿಸಿ, "ಮೋಳೆ, ನಿನಗೆ?" ಎಂದಳು, ಮಗಳೇ ಎಂದು ಕರೆಯುವ ಹಾಗೆ. ಸಂಹಿತಾ ಕಿಟಕಿಯಾಚೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಪ್ಪನನ್ನು ನೋಡಿ ಸಹಿ ಹಾಕಿದಳು.

ವಾಪಸ್ ಬರುವಾಗ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಟಿ.ಸಿ.ಯ ಕವರನ್ನು ಎದೆಗವಚಿಕೊಂಡು ಕಾಯಂಕುಳಂವರೆಗೆ ನಿಂತೇ ಬಂದ ಕೃಷ್ಣಾನಂದರು, ಸೀಟು ಸಿಕ್ಕಿದ ಮೇಲೆ ಹಸಿವಿನಿಂದ ಅತ್ತಿಗೆಯ ಡಬ್ಬಿ ತೆರೆದರು. ಅನ್ನ, ಮೊಸರು, ಡಬ್ಬಿಯ ತುಂಬ ಹಾಗಲಕಾಯಿ ಪಲ್ಯ. ಮುಚ್ಚಳ ಧಡ್ ಎಂದು ಮುಚ್ಚಿದರು.

ಕೊಚ್ಚಿಯ ಎರ್ನಾಕುಲಂ ಸೌತ್ ತಲುಪಿದಾಗ ಮೂರಕ್ಕೆ ಹತ್ತು ನಿಮಿಷ. ಸ್ಟೇಷನ್ನಿನ ಹತ್ತಿರವೇ ಮೆಟ್ರೋ ಇತ್ತು. ಕಲೂರಿಗೆ ಹತ್ತು ನಿಮಿಷದ ದಾರಿ, ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ನಡೆದರೆ ಸಾಕು. ಆದರೆ ಹೊರಗೆ ಇಸ್ಮಾಯಿಲ್ ಕಾರು ತಂದು ನಿಲ್ಲಿಸಿದ್ದ.

"ಮೆಟ್ರೋ ಯಾಕ್ರೀ ಸರ, ನಾ ಅದೀನಲ್ಲ! ಎಂ.ಜಿ. ರೋಡ್ ಜಾಮ್ ಐತಿ. ವೈಟ್ಟಿಲ ಬೈಪಾಸ್ ಹಿಡದ್ರ ಇಪ್ಪತ್ತೇ ನಿಮಿಷ."

"ಬೇಡ ಮಾರಾಯ್ರೆ, ಅದು ಸುತ್ತು!"

"ಸುತ್ತಾದ್ರೂ ಸಲೀಸ್ ಐತಿ. ಮ್ಯಾಪ್ ನೋಡೇನಿ."

ಬೆಳಿಗ್ಗೆ ಸ್ಟೇಷನ್‌ಗೆ ಬಿಟ್ಟವನ ಕಾರನ್ನು ಬೇಡ ಎನ್ನುವುದು ಹೇಗೆ? ಹತ್ತಿದರು. ವೈಟ್ಟಿಲದ ಜಂಕ್ಷನ್ನಿನಲ್ಲಿ ಕಾರು ನಿಂತಿತು. ನಿಂತೇ ಇತ್ತು. ಮುಂದೆ ಒಂದು ಲಾರಿ ಕೆಟ್ಟು ಅಡ್ಡ ಮಲಗಿತ್ತು, ಹಿಂದೆ ಇಡೀ ಕೇರಳವೇ ಹಾರನ್ ಒತ್ತುತ್ತಿತ್ತು. ಮ್ಯಾಪಿನಲ್ಲಿ ಈಗ ಕೆಂಪು ತೋರಿಸಾಕತ್ತೈತಿ ಎಂದು ಇಸ್ಮಾಯಿಲ್ ತಿಳಿಸಿದ. "ಅದು ನನಗೂ ಕಾಣ್ತದೆ!" ಎಂದು ಕಿರುಚಿ ಕೃಷ್ಣಾನಂದರು ಮಗಳ ಕೈ ಹಿಡಿದು ಇಳಿದು ಮೆಟ್ರೋಗೆ ಓಡಿದರು. ರೈಲು ಹೊರಟಿತು. ಮೂರನೆಯ ಸ್ಟೇಷನ್ ಎರ್ನಾಕುಲಂ ಸೌತ್, ಮುಕ್ಕಾಲು ಗಂಟೆಯ ಹಿಂದೆ ಇಸ್ಮಾಯಿಲನ ಕಾರು ಹತ್ತಿದ ಅದೇ ಜಾಗ. ಕೃಷ್ಣಾನಂದರು ಅದನ್ನು ನೋಡಲಾಗದೆ ಕಣ್ಣು ಮುಚ್ಚಿಕೊಂಡರು.

ಕೌಂಟರ್ ಮುಟ್ಟಿದಾಗ ಮೂರು ಐವತ್ತಾರು. ಅಂಗಿ ಬೆನ್ನಿಗೆ ಅಂಟಿತ್ತು. ಕೌಂಟರಿನವನು ಅವರನ್ನು ಕನಿಕರದಿಂದ ನೋಡಿ, ಯಾಕೆ ಸಾರ್ ಇಷ್ಟು ಓಡಿ ಬಂದಿರಿ, ಗಡುವನ್ನು ಸೋಮವಾರದವರೆಗೆ ಮುಂದೂಡಿದ್ದೇವಲ್ಲ, ಬೆಳಿಗ್ಗೆ ಹತ್ತಕ್ಕೇ ಮೆಸೇಜು ಹೋಗಿದೆ ಎಂದ. ಹೋಗಿತ್ತು. ಬ್ಯಾಂಕಿನ ಹನ್ನೊಂದು ಮಿಸ್ಡ್ ಕಾಲ್‌ಗಳ ಅಡಿಯಲ್ಲಿ ತಣ್ಣಗೆ ಕೂತಿತ್ತು.

ಆದರೂ ಕೆಲಸ ಆಯಿತು. ರಶೀದಿ ಕೈಗೆ ಬಂತು. ವಿಶ್ವವಿದ್ಯಾಲಯದ ಗೇಟಿನ ಹತ್ತಿರದ ಅಂಗಡಿಯಲ್ಲಿ ಅಪ್ಪ ಮಗಳು ಪಳಂಪೊರಿ, ಅದೇ ಬಾಳೆಹಣ್ಣಿನ ಬೋಂಡ, ತಿಂದು ಚಹಾ ಕುಡಿದರು. ಬೆಳಗಿನಿಂದ ಮೊದಲ ಸಲ ಕೃಷ್ಣಾನಂದರ ಹುಬ್ಬಿನ ಗಂಟು ಬಿಚ್ಚಿತು. ಇಲ್ಲಿಂದ ಮನೆ ಹತ್ತು ನಿಮಿಷ. ಇನ್ನು ಮೂರು ವರ್ಷ, ಪ್ರತಿ ರಾತ್ರಿ, ಮೂವರ ಊಟ. ಮೆಮೋ ಬಂದರೆ ಬರಲಿ.

ಫೋನು ಬಂತು.

"ಸಾರ್, ಕಂಗ್ರಾಜುಲೇಷನ್ಸ್! ಮೆಮೋ ಇಲ್ಲ! ನಾನೇ ತಪ್ಪಿಸಿದೆ!" ಚಿನ್ಮಯ್ ಉಬ್ಬಿಹೋಗಿದ್ದ. "ಝೋನಲ್ ಆಫೀಸಿಂದ ಫೋನ್ ಮಾಡಿದ್ರು, ಕೀ ಜೇಬಲ್ಲಿಟ್ಕೊಂಡು ಆ ಮನುಷ್ಯ ತಿರುವನಂತಪುರದಲ್ಲಿ ಏನ್ ಮಾಡ್ತಿದಾನೆ ಅಂತ. ನಾನಂದೆ, ಸಾರ್, ಪಾಪ, ಮಗಳು ಅಲ್ಲಿ ಓದ್ತಾಳೆ, ಅವರು ಟ್ರಾನ್ಸ್‌ಫರ್ ಕೇಳಿ ಮೂರು ವಾರ ಆಯ್ತು, ನೀವು ನೋಡೇ ಇಲ್ಲ, ಮನುಷ್ಯ ಇನ್ನೇನ್ ಮಾಡ್ಬೇಕು ಅಂತ. ಅವರಿಗೇ ಬೇಜಾರಾಯ್ತು ಸಾರ್! ಹುಡುಕಿದ್ರೆ ಅರ್ಜಿ ಸಿಕ್ತು. ಇವತ್ತು ಸಹಿ ಆಗೋ ಪಟ್ಟೀಲೇ ನಿಮ್ಮ ಹೆಸರು ಸೇರಿಸಿದ್ರು. ಸೋಮವಾರವೇ ಜಾಯಿನ್ ಆಗಿ ಅಂತ!"

"ಎಲ್ಲಿಗೆ?" ಎಂದರು ಕೃಷ್ಣಾನಂದರು, ಗೊತ್ತಿದ್ದೂ.

"ತಿರುವನಂತಪುರಕ್ಕೆ ಸಾರ್! ಸ್ವಂತ ಕೋರಿಕೆ ಅಂತ ಬರ್ದಿದಾರೆ, ಹಂಗಾಗಿ ಮೂರು ವರ್ಷ ನಿಮ್ಮನ್ನ ಅಲ್ಲಿಂದ ಯಾರೂ ಅಲ್ಲಾಡಿಸೋ ಹಾಗಿಲ್ಲ. ಅಷ್ಟರಲ್ಲಿ ರಿಟೈರ್‌ಮೆಂಟೇ ಬರತ್ತೆ. ಮನೇಗೂ ಫೋನ್ ಮಾಡಿ ಹೇಳ್ಬಿಟ್ಟೆ ಸಾರ್. ಕೀ ಮಾತ್ರ ಇವತ್ತೇ ಕೊಟ್ಬಿಡಿ."

ಫೋನು ಇಡುವ ಮೊದಲೇ ಇನ್ನೊಂದು ಬಂತು.

"ಪಂಕಜಾ ಹೇಳಿದಳು," ಎಂದರು ಕುಸುಮಾವತಿ. "ಮಗಳಿಗಲ್ಲದಿದ್ರೆ ಅಪ್ಪನಿಗೆ. ರೂಮು ಹೇಗೂ ತಯಾರುಂಟು. ಪೈಂಟ್ ಹೊಸತು, ಗುಲಾಬಿ ಬೇಡ ಅಂತ ಹೇಳಬೇಡಿ ಮತ್ತೆ. ಬ್ಯಾಂಕಲ್ಲಿ ಎಷ್ಟೇ ಕೆಲಸ ಇರಲಿ, ಏಳಕ್ಕೆ ಗೇಟಿಗೆ ಬೀಗ."

ಕೃಷ್ಣಾನಂದರು ಫೋನನ್ನು ಮೇಜಿನ ಮೇಲೆ ಮಗುಚಿ ಹಾಕಿದರು. ಬೈಯಬೇಕಿತ್ತು, ಗಟ್ಟಿಯಾಗಿ ಬೈಯಬೇಕಿತ್ತು. ಬ್ಯಾಂಕನ್ನು ಬೈಯೋಣವೆಂದರೆ ಅದು ಕೇಳಿದ್ದನ್ನೇ ಕೊಟ್ಟಿತ್ತು. ಚಿನ್ಮಯ್‌ನನ್ನು ಬೈಯೋಣವೆಂದರೆ ಬಚಾವ್ ಮಾಡು ಎಂದದ್ದು ತಾವೇ. ಉರಪ್ಪಾಣ್ ಎಂದು ನಾಲ್ಕು ಸಲ ಕೂಗಿದ್ದೂ ತಾವೇ. ಕೊನೆಗೆ ಮಗಳ ಕಡೆ ತಿರುಗಿದರು.

"ನೋಡು, ನಿನಗೆ ಯಾವುದು ಬೇಕಿತ್ತು?"

ಸಂಹಿತಾ ಈ ಸಲ ಮಲಯಾಳದಲ್ಲಿ ಹೇಳಲಿಲ್ಲ. "ತಿರುವನಂತಪುರ," ಎಂದಳು, ಕನ್ನಡದಲ್ಲಿ.

"ಮತ್ತೆ ಸಹಿ ಯಾಕೆ ಹಾಕಿದೆ?"

"ನೀವು ಇಲ್ಲಿರ್ತೀರಲ್ಲಾ ಅಂತ."

ಕೃಷ್ಣಾನಂದರು ಎದುರಿಗಿದ್ದ ಲೋಟವನ್ನೆತ್ತಿ ಅಂಗಡಿಯವನ ಮೇಲೆ ಹರಿಹಾಯ್ದರು. "ಎಂತ ಚಹಾ ಇದು? ಸಕ್ಕರೆ ಹಾಕಿದ್ದೀರಾ, ಇಲ್ವಾ?"

ಅಂಗಡಿಯವನು ಬಗ್ಗಿ ನೋಡಿದ. ಲೋಟ ಖಾಲಿಯಾಗಿ ಎಷ್ಟೋ ಹೊತ್ತಾಗಿತ್ತು.