ಕುತಗಿ ತಿರಗೂ ಫ್ಲ್ಯಾಶ್

'ನನಗ ಗೊತ್ತಿಲ್ಲ' ಅನ್ನೂ ಮಂದಿಗಿ ಇಂಥಾ ಫಜೀತಿಗಳು ಆಗಂಗಿಲ್ಲ. ನಾ ಜಲ್ಮದಾಗ ಹಂಗ ಅಂದಾಂವಲ್ಲ, ಅದಕ್ಕ ನನಗ ವಾರಕ್ಕೊಂದರ ಆಗೇ ಆಗತಾವ. ಸೋಲಾಪುರ ಬಾಜೂಕಿನ ಚಿಂಚೋಳಿ ಎಂಐಡಿಸಿ, ಅಂದ್ರ ಕಾರಖಾನಿಗಳ ಏರಿಯಾದಾಗ, ಒಂದು ಕಂಪನಿ ಸ್ಟೋರಿನ್ಯಾಗ ನನ್ನ ನೌಕರಿ. ಆದ್ರ ಡಿಜಿಟಲ್ ಕ್ಯಾಮೆರಾ ತಗೊಂಡಾಗಿಂದ ಯಾರರ 'ಏನ್ ಮಾಡತೀರಿ' ಅಂತ ಕೇಳಿದ್ರ 'ಫೋಟೋಗ್ರಾಫಿ' ಅಂತೀನಿ. ಈಗ ಹೇಳೂದೆಲ್ಲಾ ಆ ಕ್ಯಾಮೆರಾದ ತಲಿ ಮ್ಯಾಲ ಕುಂದ್ರೂ ಫ್ಲ್ಯಾಶಿನ ಕಥಿ.

೧. ಕರೀ ಮಂದಿ

ಗೆಳ್ಯಾನ ಮನ್ಯಾಗ ಕೂಸಿಗಿ ಹೆಸರಿಡೂ ಕಾರ್ಯಕ್ರಮ ಇತ್ತು. ಕ್ಯಾಮೆರಾದಾಗೇ ಒಂದು ಸಣ್ಣ ಫ್ಲ್ಯಾಶ್ ಇರತದ, ಗುಂಡಿ ಒತ್ತಿದ್ರ ಟಪ್ ಅಂತ ಏಳತದ. ಅದನ್ನೇ ನಂಬಿ ಎಲ್ಲಾರ ಮಾರಿಗಿ ನೆಟ್ಟಗ ಹೊಡದೆ. ಮಾರಿ ಎಲ್ಲಾ ಹಿಟ್ಟು ಬಳದಂಗ ಬೆಳ್ಳಗ, ಹಿಂದಿನ ಗೋಡಿ ಮ್ಯಾಲ ಕರ್ರನ ನೆರಳು.

ಗೆಳ್ಯಾನ ಅವ್ವ ಫೋಟೋ ಹಿಡದು ಭಾಳ ಹೊತ್ತು ನೋಡಿದಳು. "ಅಲ್ಲೋ ತಮ್ಮಾ, ಎಲ್ಲಾರ ಹಿಂದ ಒಬ್ಬೊಬ್ಬ ಕರೀ ಮನಶ್ಯಾ ನಿಂತಾನಲ್ಲ, ಅವರಿಗಿ ಯಾರು ಕರದಿದ್ರು?"

ಅದೇ ವಾರ ನಾಗಣಸೂರಿಂದ ಮಾವಾರ ಫೋನ್ ಬಂತು. ಸಣ್ಣ ಮಗಳ ಸಾಖರಪುಡಾ, ಅಂದ್ರ ನಿಶ್ಚಯ, ಗಟ್ಟಿ ಆಗಿತ್ತು. 'ಹೊರಗಿನ ಫೋಟೋದಾಂವ ಯಾಕ, ನಮ್ಮ ಅಳಿಯಾರೇ ಇದ್ದಾರ' ಅಂತ ಊರ ತುಂಬಾ ಹೇಳಿಬಿಟ್ಟಿದ್ರು. ನನ್ನ ಹೆಂಡ್ತಿ ಮಾರಿ ಗಂಭೀರ ಮಾಡಿ ಅಂದಳು: "ನಮ್ಮ ತಂಗಿ ಫೋಟೋ ಹಿಂಗ ಬಂದ್ರ ನಾ ತವರಮನಿಗಿ ಕಾಲಿಡಂಗಿಲ್ಲ ನೋಡ್ರಿ. ನಿಮಗಂತೂ ಅವರೇ ಕಾಲಿಡಾಕ ಬಿಡಂಗಿಲ್ಲ."

೨. ದೊಡ್ಡದು ಕೊಡ್ರಿ

ಸೋಲಾಪುರದ ಅಂಗಡ್ಯಾಗ ಹೋಗಿ ಎದಿ ಉಬ್ಬಿಸಿ ಹೇಳಿದೆ: "ಎಲ್ಲಾದ್ರಕ್ಕಿಂತ ದೊಡ್ಡ ಫ್ಲ್ಯಾಶ್ ಕೊಡ್ರಿ."

ಅಂಗಡಿಯಾಂವ ಕೇಳಿದ, "ಕ್ಯಾಮೆರಾ ಯಾವ ಕಂಪನೀದು?"

"ಕಂಪನಿ ಯಾವುದರ ಇರವಲ್ದ್ಯಾಕ. ಫ್ಲ್ಯಾಶ್ ಅಂದ್ರ ಫ್ಲ್ಯಾಶೇ."

ಅಂವ ಒಂದು ದೊಡ್ಡದು ತಗದು ಕೊಟ್ಟ. ಕ್ಯಾಮೆರಾಕ್ಕ ಏರಿಸಿ ಹತ್ತು ಸಲ ಒತ್ತಿದೆ, ಒಮ್ಮೆನೂ ಮಿಂಚಲಿಲ್ಲ. "ನಿಮ್ಮ ಪೀಸೇ ಖರಾಬ್ ಅದ" ಅಂದೆ. ಅಂವ ನಕ್ಕ. "ಸಾಹೇಬ್ರ, ಇದರ ಕೆಳಗಿನ ಪಿನ್ನು ಬ್ಯಾರೆ ಕಂಪನೀವು. ಇದೇನು ಮನಿಅಳಿಯಾ ಏನ್ರಿ, ಯಾರ ಮನ್ಯಾಗರ ಕೂಡಾಕ!"

ಆಮ್ಯಾಲ ನನ್ನ ಕ್ಯಾಮೆರಾಕ್ಕ ಹೊಂದೂದು ಒಂದು ಸಣ್ಣದು ತಗದ. ಅದರ ಕುತಗಿ ಮ್ಯಾಲ-ಕೆಳಗ, ಎಡಕ್ಕ-ಬಲಕ್ಕ ತಿರಗತಿತ್ತು. "ಮೊದಲ ಸಲ ತಗೊಳ್ಳಾವ್ರಿಗಿ ಇದೇ ಬೇಷ್. ಮಾರಿಗಿ ನೆಟ್ಟಗ ಹೊಡೀಬ್ಯಾಡ್ರಿ. ಮ್ಯಾಲಿನ ಬಿಳೀ ಛತ್ತಿಗಿ ಹೊಡೀರಿ, ಅಲ್ಲಿಂದ ಬೆಳಕು ಮೆತ್ತಗ ಇಳೀತದ" ಅಂದ.

"ನನಗ ಗೊತ್ತದ" ಅಂದು ಪರೀಕ್ಷಾಕ್ಕ ಒಂದು ಹೊಡದೆ.

ಅಂವ ಕಣ್ಣು ತಿಕ್ಕೋತ ಅಂದ, "ಗೊತ್ತಿದ್ರ ನನ್ನ ಕಣ್ಣಿಗ್ಯಾಕ ಹೊಡದ್ರಿ?"

೩. ಆರು ಗಂಟೆ

ಫ್ಲ್ಯಾಶಿಗಿ ನಾಕು ಸೆಲ್ ಬೇಕು. ಯಾರು ಅಂಗಡಿಗಿ ಹೋಗ್ತಾರ ಅಂತ ಟಾರ್ಚಿನವು ಮೂರು, ಗೋಡಿ ಗಡಿಯಾರದ್ದು ಒಂದು ಕಿತ್ತಿ ಹಾಕಿದೆ. ಛತ್ತಿಗಿ ಹೊಡದ್ರ ಹೆಂಡ್ತಿ ಫೋಟೋ ಎಷ್ಟು ಛಂದ ಬಂತು ಅಂದ್ರ, ಆಕೀನೇ "ಇದು ಯಾರು?" ಅಂದಳು.

ಮರದಿನ ಎದ್ದು ಗಡಿಯಾರ ನೋಡಿದೆ, ಆರು. ಜಳಕ ಮಾಡಿ ಬಂದೆ, ಆರು. ಚಹಾ ಕುಡದು ಪೇಪರ್ ಓದಿದೆ, ಇನ್ನೂ ಆರು. ಇವತ್ತ ನನ್ನ ಕೆಲಸ ಭಾಳ ಚುರುಕು ನಡದಾವ ಅಂತ ಖುಷಿಯಾಗಿ ಇನ್ನೊಂದು ಕಪ್ ಚಹಾ ಕುಡದೆ. ಕಂಪನಿ ಬಸ್ ಹೋಗಿ ಯಾವ ಕಾಲ ಆಗಿತ್ತೋ!

ಸುಪರ್‌ವೈಜರ್ ಕೇಳಿದ್ರು, "ಯಾಕ ತಡಾ?"

"ಹೆಂಡ್ತಿ ಫೋಟೋ ಹೊಡದೆ ಸರ್, ಗಡಿಯಾರ ನಿಂತುಬಿಡ್ತು."

ಅವರು ಹಾಜರಿ ಪುಸ್ತಕ ಮುಚ್ಚಿ ಅಂದ್ರು: "ಮನ್ಯಾಗ ವೈನಿಯವರಿಗಿ ಇದನ್ನ ಹೇಳಬ್ಯಾಡ."

೪. ಬೀಗರ ಕಾಮಾಲಿ

ನಾಗಣಸೂರಿಗಿ ಹೊಸ ಸೆಲ್ ಹಾಕ್ಕೊಂಡೇ ಹೋದೆ. ಅಂಗಳದಾಗ ಮಂಟಪ ಹಾಕಿದ್ರು. ಫ್ಲ್ಯಾಶಿನ ಕುತಗಿ ಮ್ಯಾಲ ತಿರುವಿ ಹುಡುಗೀದು ಮೊದಲನೇ ಫೋಟೋ ಹೊಡದೆ. ಮಂಟಪದ ಮ್ಯಾಲ ಹೊಚ್ಚಿದ ಅರಬಿ ಅರಶಿಣ ಬಣ್ಣದ್ದು, ಬೆಳಕೂ ಹಂಗೇ ಇಳೀತದ ಅನ್ನೂದು ನನ್ನ ಲಕ್ಷ್ಯಕ್ಕೇ ಬಂದಿದ್ದಿಲ್ಲ.

ವರನ ಸೋದರಮಾವ ಬಗ್ಗಿ ಕ್ಯಾಮೆರಾದಾಗ ನೋಡಿದ್ರು. ಅವರು ದವಾಖಾನ್ಯಾಗ ಕಂಪೌಂಡರ್. "ಹುಡುಗಿಗಿ ಕಾಮಾಲಿ ಆದಂಗ ಕಾಣತದಲ್ರಿ!" ಅಂದ್ರು. ಬೀಗರ ಹೆಣ್ಮಕ್ಕಳು ಪಿಸುಪಿಸು ಸುರು ಮಾಡಿದ್ರು. ಮಾವಾರ ಮಾರಿ ಫೋಟೋ ಹೊಡೀದೇನೇ ಹಳದಿ ಆತು. ಹೆಂಡ್ತಿ ನನ್ನ ಕಡಿ ನೋಡಿದಳು.

ಆದ್ರೂ ಬಿಟ್ಟುಕೊಡಲಿಲ್ಲ. "ಮಾವಾರ, ಒಂದು ಬಿಳೀ ಟಾವೆಲ್ ಅಗಲ ಮಾಡಿ ನನ್ನ ಬಾಜೂಕ ಹಿಡೀರಿ. ಫ್ಲ್ಯಾಶ್ ಅದಕ್ಕ ಹೊಡೀತೀನಿ" ಅಂದೆ.

ನಮ್ಮ ಕಡಿ ಬೀಗರ ಹಿರ್ಯಾರಿಗಿ ಹೆಗಲಿಗಿ ಟಾವೆಲ್ ಉಡುಗೊರಿ ಹಾಕಿ ಆಹೇರ ಮಾಡೂದು ಪದ್ಧತಿ. ಅದಕ್ಕಂತ ತಂದ ಬಿಳೀ ಟಾವೆಲ್ ಗಂಟು ಅಲ್ಲೇ ಇತ್ತು. ಮಾವಾರು ಒಂದು ತಗದು ಝಾಡಿಸಿ ಎತ್ತಿ ಹಿಡದ್ರು. ನಾ ಗುಂಡಿ ಒತ್ತೂದ್ರಾಗ ಸೋದರಮಾವ ಮುಂದ ಬಂದು, ಕೈ ಮುಗದು, ಕುತಗಿ ಬಗ್ಗಿಸಿ ನಿಂತ್ರು. ಬಗ್ಗಿದ ಕುತಗಿಗಿ ಟಾವೆಲ್ ಹಾಕದೆ ಹ್ಯಾಂಗ ಬಿಡೂದು? ಮಾವಾರು ಹಾಕಿದ್ರು. ಎರಡನೇದು ಎತ್ತಿದ್ರು, ವರನ ಅಜ್ಜ ಬಗ್ಗಿದ್ರು. ಮೂರನೇದು ಎತ್ತೂದ್ರಾಗ ಅವರ ಹಿಂದ ಪಾಳೀನೇ ಹತ್ತಿತ್ತು. ಗಂಟು ಖಾಲಿ ಆತು, ಹುಡುಗೀದು ಒಂದೂ ಫೋಟೋ ಆಗಲಿಲ್ಲ.

"ಒಂದು ವಾಪಸ್ ಕೇಳ್ರಿ" ಅಂದೆ.

"ಆಹೇರ ವಾಪಸ್ ಕೇಳಿದ್ರ ಹುಡುಗೀನ್ನ ವಾಪಸ್ ಕಳಸ್ತಾರ್ರಿ!" ಅಂದ್ರು ಮಾವಾರು.

ಆವಾಗ ಸೋದರಮಾವನ ಕಡಿ ನೋಡಿದೆ. ಕಡಕ್ ಇಸ್ತ್ರಿ ಮಾಡಿದ ಬಿಳೀ ಅಂಗಿ. ಅದನ್ನ ಎಲ್ಲೂ ಸುಕ್ಕಾಗಾಕ ಬಿಡದಂಥಾ ಅಗಲ ಹೊಟ್ಟಿ. "ಮಾಮಾ, ನೀವು ಇಲ್ಲಿ ನನ್ನ ಬಾಜೂಕ ನಿಂದರ್ರಿ. ಅಲಗಾಡಬ್ಯಾಡ್ರಿ" ಅಂದೆ. ಅವರು ಮೀಸಿ ತಿರುವಿ, ಟಾವೆಲ್ ಸರಿಮಾಡ್ಕೊಂಡು, ಉಸುರು ಹಿಡದು ನಿಂತ್ರು. ಫ್ಲ್ಯಾಶಿನ ಕುತಗಿ ಅವರ ಹೊಟ್ಟಿ ಕಡಿ ತಿರುವಿ, ಕ್ಯಾಮೆರಾ ಹುಡುಗಿ ಕಡಿ ಹಿಡದು, ಒತ್ತಿದೆ.

ಏನು ಹೇಳ್ಲಿ! ಮೆತ್ತನ್ನ ಬೆಳಕು, ಹುಡುಗಿ ನಕ್ಕೋತ ಕುಂತಾಳ, ಹಳದಿ ಅನ್ನೂದು ಉಗುರಿನಷ್ಟೂ ಇಲ್ಲ. ಬೀಗರೆಲ್ಲಾ "ಲಕ್ಷ್ಮೀ ಕುಂತಂಗ ಕುಂತಾಳ" ಅಂದ್ರು. ಮಾವಾರು ಉಸುರು ಬಿಟ್ರು. ಹೆಂಡ್ತಿ ಕಣ್ಣೊರಸಿಕೊಂಡಳು.

ಸೋದರಮಾವ ಮಾತ್ರ ಮಂದೀನ್ನ ಸರಿಸಿ ಬಂದು, ಕ್ಯಾಮೆರಾ ಕಸಗೊಂಡು, ತಿರುವಿ ಮುರುವಿ ನೋಡಿದ್ರು. ಆಮ್ಯಾಲ ನನ್ನ ಕಿವಿಯಾಗ ಮೆಲ್ಲಕ ಕೇಳಿದ್ರು:

"ಅಲ್ರಿ, ಹೊಡದದ್ದು ನನಗ, ಇದರಾಗ ಈಕಿ ಹ್ಯಾಂಗ ಬಂದಳು?"