ಸೆರಗು ಸಿಕ್ಕಿಸಿಕೊಳ್ಳದೆ ಸಾಯುತ್ತಿರುವ ರಾಣಿಯವರಿಗೆ

ಇಳಕಲ್
೨೦೦೩, ದೀಪಾವಳಿಗೆ ಮುಂಚಿನ ವಾರ

ಮಾನ್ಯರೇ,

ಬಾದಾಮಿಯ ಕೋಟೆಯನ್ನು ಕಂಪ್ಯೂಟರಿನೊಳಗಿಂದ ಆಳುತ್ತಿರುವ, ಮಂಗಗಳ ಕೈಗೆ ಸಿಕ್ಕು ಗಳಿಗೆಗೊಮ್ಮೆ ಪ್ರಾಣ ಬಿಟ್ಟರೂ ಮುಖದ ಮೇಲಿನ ನಗು ಬಿಡದ ತಮ್ಮ ಸನ್ನಿಧಾನಕ್ಕೆ, ತಮ್ಮನ್ನು ಚೌಕ ಚೌಕವಾಗಿ ತಿದ್ದಿದ ನೇತ್ರಾಳ ಅನಂತ ನಮಸ್ಕಾರಗಳು. ಇಲ್ಲಿ ಎಲ್ಲವೂ ಕ್ಷೇಮ, ನನ್ನ ಕೆಲಸವೊಂದನ್ನು ಬಿಟ್ಟು.

ತಮ್ಮ ಪೂರ್ವಾಶ್ರಮ ತಮಗೆ ನೆನಪಿರಲಾರದು. ನಮ್ಮೂರ ಬಸ್‌ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಕ್ಲಾಸು ನಡೆಸುವ ಪ್ರಭು ಅವರು ಮಂಗಗಳನ್ನು ಜಿಗಿದು ದಾಟುತ್ತ ಕೋಟೆ ಹತ್ತುವ ವಿಡಿಯೋ ಗೇಮ್ ಮಾಡಲು ಹೊರಟು ತಮ್ಮನ್ನು ಸೃಷ್ಟಿಸಿದಾಗ, ತಾವು ಕೆಂಪು ಚೌಕಗಳ ಒಂದು ಗುಡ್ಡೆಯಾಗಿದ್ದಿರಿ. ನೋಡಿದವರು ತಮ್ಮನ್ನು ಅಂಚೆ ಡಬ್ಬಿಯೆಂದೇ ತಿಳಿಯುತ್ತಿದ್ದರು. ಅಪ್ಪನ ಮಗ್ಗಕ್ಕೆ ಗ್ರಾಫ್ ಹಾಳೆಯ ಮೇಲೆ ಸೀರೆಯ ಅಂಚು, ಸೆರಗು ಬರೆದುಕೊಡುವ ನಾನು ಚೌಕ ತುಂಬುವುದರಲ್ಲಿ ಪಳಗಿದವಳೆಂದು ಅವರು ನನ್ನನ್ನು ಕರೆಸಿ, ಚಿತ್ರ ಸುಧಾರಿಸಿದರೆ ಆಟದ ಕೊನೆಗೆ ಪರದೆಯ ಮೇಲೆ ನನ್ನ ಹೆಸರು ಹಾಕುವುದಾಗಿ ಮಾತು ಕೊಟ್ಟರು. ನಾನು ಬರೆದ ಸೀರೆಗಳು ಪುಣೆಯ ಮದುವೆಗಳಲ್ಲಿ ಮೆರೆದಿವೆ, ಒಂದರ ಮೇಲೂ ನನ್ನ ಹೆಸರಿಲ್ಲ. ಆಸೆಯಾಯಿತು, ಸುಳ್ಳೇಕೆ ಹೇಳಲಿ.

ಮೂಗು, ಮೂಗುತಿ, ದಾಳಿಂಬೆ ಕೆಂಪಿನ ಸೆರಗು, ಎಲ್ಲವನ್ನೂ ತಮಗೆ ಕೊಟ್ಟೆ. ಆಗ ತಮ್ಮ ದರ್ಶನಕ್ಕೆ ನನ್ನ ಮಾತೃಶ್ರೀ ಗುರುಲಿಂಗವ್ವನವರು ದಯಮಾಡಿಸಿದರು. ಮೂಗುತಿಯನ್ನು ನೋಡಲಿಲ್ಲ, ಕೋಟೆಯನ್ನೂ ನೋಡಲಿಲ್ಲ. "ಸೆರಗಿನ್ಯಾಗ ತೆನಿ ಎಲ್ಲೈತಿ? ರಾಣಿ ಅಂತೀ, ಹಿಂಗ ಮಂದಿ ಮುಂದ ಓಡಸ್ತೀಯೇನ ಆಕೀನ್ನ?" ಎಂದು ಕೇಳಿದರು. ಕೆಂಪು ಸೆರಗಿನಲ್ಲಿ ಬಿಳಿ ತೆನಿ, ಎಂದರೆ ಜೋಳದ ತೆನೆಯಂಥ ಚಿತ್ತಾರ, ಸಾಲಾಗಿ ನಿಲ್ಲದಿದ್ದರೆ ನಮ್ಮ ಮನೆಯಲ್ಲಿ ಅದು ಸೀರೆಯೇ ಅಲ್ಲ.

ತೆನಿ ಕಾಣಬೇಕಾದರೆ ಚೌಕಗಳು ಬೇಕು, ಆದ್ದರಿಂದ ಸೆರಗನ್ನು ಬೆಳೆಸಿದೆ. ಅಷ್ಟರಲ್ಲಿ ನನ್ನ ತಂದೆ ಕಾಶಪ್ಪನವರು ಬಂದು, ತೆನಿಗೆ ತಕ್ಕ ಉದ್ದವಿಲ್ಲವೆಂದೂ, ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಸೇರಿಸದೆ ಸುಮ್ಮನೆ ಅಂಟಿಸಿದ್ದೇನೆಂದೂ ಮುಖ ತಿರುಗಿಸಿದರು. ಸೆರಗನ್ನು ಮತ್ತೆ ಬೆಳೆಸಿ, ಚೌಕಕ್ಕೆ ಚೌಕ ಕೊಂಡಿ ಹಾಕಿದೆ. ಈಗ ತಾವು ಕೋಟೆಯ ಮೂರನೇ ಬಾಗಿಲಲ್ಲಿ ಏದುಸಿರು ಬಿಡುತ್ತಿರುವಾಗ ತಮ್ಮ ಸೆರಗು ಇನ್ನೂ ಮೊದಲ ಬಾಗಿಲನ್ನು ದಾಟುತ್ತಿರುತ್ತದೆ. ಇಂಥ ವೈಭವ ಬೇರೆ ಯಾವ ರಾಣಿಗೆ ಒದಗೀತು?

ಆದರೆ ಕಂಪ್ಯೂಟರು ಸೆರಗನ್ನೂ ತಮ್ಮ ಶರೀರವೆಂದೇ ನಂಬಿದೆ. ಎಲ್ಲೋ ಹಿಂದೆ ಒಂದು ಮಂಗ ಅದರ ತುದಿ ಮುಟ್ಟಿದರೆ ಇಲ್ಲಿ ಮುಂದೆ ತಾವು ಸಾಯುತ್ತೀರಿ. ಮಂಗಗಳು ಓಡಾಡುವ ಕಷ್ಟವನ್ನೇ ಬಿಟ್ಟು, ಸೆರಗಿನ ದಾರಿಯಲ್ಲಿ ಪಂಕ್ತಿಗೆ ಕುಳಿತವರಂತೆ ಕಾಯುತ್ತವೆ. ಸೋಮವಾರದೊಳಗೆ ಸೆರಗು ಕತ್ತರಿಸದಿದ್ದರೆ ನಾನು ಮಗ್ಗಕ್ಕೆ ಮರಳಬಹುದೆಂದೂ, ಹೆಸರಿನ ಮಾತು ಮರೆಯಬೇಕೆಂದೂ ಪ್ರಭು ಅವರು ಹೇಳಿದ್ದಾರೆ. ಕತ್ತರಿಸಿದರೆ ಮನೆಯಲ್ಲಿ ನನಗೆ ರೊಟ್ಟಿ ಬಡಿಸುವವರಿಲ್ಲ.

ಆದಕಾರಣ ತಮ್ಮಲ್ಲಿ ಸವಿನಯ ವಿನಂತಿ. ನಮ್ಮೂರ ಹೆಂಗಸರು ಕೊಡ ಹೊರುವಾಗ, ಜಗಳಕ್ಕೆ ನಿಲ್ಲುವಾಗ ಮಾಡುವಂತೆ, ತಾವು ಸ್ವಂತ ಬುದ್ಧಿಯಿಂದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜಿಗಿಯಬೇಕು. ಕೋಟೆಯ ತುದಿ ಮುಟ್ಟಿದ ಮೇಲೆ ಸೋತ ಮಂಗಗಳ ಎದುರಿಗೇ ಅದನ್ನು ಬಿಚ್ಚಿ, ಪರದೆಯ ತುಂಬ ಹರವಬೇಕು. ಅವ್ವನಿಗೆ ತೆನಿ ಸಿಕ್ಕಿತು, ಪ್ರಭು ಅವರಿಗೆ ಜಿಗಿತ ಸಿಕ್ಕಿತು. ಸೆರಗಿನ ಮೂಲೆಯಲ್ಲಿ ಒಂದಿಷ್ಟು ಚೌಕ ಖಾಲಿ ಉಳಿದರೆ ಅಲ್ಲಿ ಯಾರ ಹೆಸರು ಬರಬೇಕೆಂದು ತಮಗೆ ಬಿಡಿಸಿ ಹೇಳಬೇಕಿಲ್ಲ.

ತಮ್ಮ ಪ್ರತಿ ಮರಣದಲ್ಲೂ ಪಾಲುದಾರಳಾದ,
ತಮ್ಮ ವಿಶ್ವಾಸಿ,
ನೇತ್ರಾ

ತಾ.ಕ.: ತಾವು ಕೈಯೆತ್ತಲಾರಿರೆಂದು ಗೊತ್ತಿದ್ದುದರಿಂದ ಸೆರಗನ್ನು ನಾನೇ ಸಿಕ್ಕಿಸಿದ್ದೇನೆ, ಮೂಲೆಯಲ್ಲಿ ಹೆಸರನ್ನೂ ತುಂಬಿದ್ದೇನೆ. ಈ ಪತ್ರವನ್ನು ಕ್ಲಾಸಿನ ಬಾಗಿಲಿಗೆ ಅಂಟಿಸಿರುವುದರಿಂದ ಪ್ರಭು ಅವರು ಓದಿಯೇ ಓದುತ್ತಾರೆ. ಹೆಸರಿಗೂ ಕೊಂಡಿ ಹಾಕಿದ್ದೇನೆಂದು ಅವರಿಗೆ ತಿಳಿದಿರಲಿ. ಅದನ್ನು ಕಿತ್ತರೆ ತಮ್ಮ ಸೀರೆಯೆಲ್ಲ ಬಿಚ್ಚಿಹೋಗುತ್ತದೆ. ಆಗ ಗುರುಲಿಂಗವ್ವನವರಿಗೆ ಉತ್ತರ ಕೊಡಬೇಕಾದವರು ಅವರು.